ಮನೆಯ ವಿಮೆಯೂ ಕಾಣದ ಕಡತವೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ನಿಮಗೆಲ್ಲ ಗೊತ್ತಿರುವುದೇ. ಈ ಎರಡು ಕಷ್ಟಗಳನ್ನು ದಾಟಿ ಬಂದವನಿಗೆ ಮೂರನೆಯದೊಂದು ಕಾದಿರುತ್ತದೆಂದು ನಮ್ಮ ಹಿರಿಯರು ಎಣಿಸಿರಲಿಲ್ಲ. ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅದನ್ನು ಈಚೆಗೆ ಸೇರಿಸಿದನು. "ಕೊಂಡ ಮನೆಗೆ ವಿಮೆ ಮಾಡಿಸಿ ನೋಡಬೇಕು, ಮೇಷ್ಟ್ರೇ" ಎಂದು ಫೋನಿನಲ್ಲಿ ಹೇಳಿದನು. ನಾನು ಮೊದಲು ನಕ್ಕೆ. ಅವನ ಕಥೆಯನ್ನು ಪೂರ್ತಿ ಕೇಳಿದ ಮೇಲೆ ನಗು ಅಡಗಿತು. ಆ ಕಥೆಯನ್ನೂ, ಅದರಿಂದ ನಾನು ಓದಿ ತಿಳಿದುಕೊಂಡ ನಾಲ್ಕು ಸಂಗತಿಗಳನ್ನೂ ಈಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಈ ಹುಡುಗ (ಹುಡುಗನೇನು, ಈಗ ಎರಡು ಮಕ್ಕಳ ತಂದೆ) ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಿದ್ದವನು. ಅಮೆರಿಕದ ಒಹಾಯೋ ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ಅವನ ಮನೆಯ ಬಟ್ಟೆ ಒಗೆಯುವ ಯಂತ್ರದ ಹಿಂದಿನ ಕೊಳಾಯಿ ಒಡೆದು, ನೀರು ಹರಿದು, ನೆಲದ ಹಲಗೆಗಳು ಉಬ್ಬಿದವು. ಮನೆಗೆ ವಿಮೆಯಿತ್ತು. "ಇಂಥ ನಷ್ಟಕ್ಕೆ ಪಾಲಿಸಿಯಲ್ಲಿ ಪರಿಹಾರವುಂಟೆ?" ಎಂದು ಕಂಪೆನಿಗೆ ಫೋನು ಮಾಡಿ ಕೇಳಿದನು. ಅತ್ತ ಕಡೆಯ ಗುಮಾಸ್ತೆ ಬಹಳ ಮರ್ಯಾದೆಯಿಂದ ಹೆಸರು, ಪಾಲಿಸಿಯ ಸಂಖ್ಯೆ, ನೀರು ಹರಿದ ದಿನ ಎಲ್ಲವನ್ನೂ ಕೇಳಿ ಬರೆದುಕೊಂಡು, "ಉಂಟು, ಆದರೆ ಮೊದಲ ಸಾವಿರ ಡಾಲರು ನೀವೇ ಭರಿಸಬೇಕು" ಎಂದಳು. ರಿಪೇರಿಯ ಖರ್ಚು ಅಷ್ಟಾಗುವಂತಿರಲಿಲ್ಲ. "ಹಾಗಾದರೆ ಬೇಡ, ನಾನೇ ಮಾಡಿಸಿಕೊಳ್ಳುತ್ತೇನೆ" ಎಂದು ಫೋನು ಇಟ್ಟನು. ಬಿಡಿಗಾಸನ್ನೂ ಪಡೆಯಲಿಲ್ಲ. ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡನು.

ಮೂರು ವರ್ಷ ಕಳೆದು ಅವನಿಗೆ ಬೇರೊಂದು ಊರಿನಲ್ಲಿ ಕೆಲಸವಾಯಿತು. ಅಲ್ಲಿ ಒಂದು ಮನೆ ನೋಡಿ, ಬೆಲೆ ಮಾತನಾಡಿ, ಮುಂಗಡವನ್ನೂ ಕೊಟ್ಟನು. ಆ ದೇಶದಲ್ಲಿ ಬ್ಯಾಂಕಿನವರು ಮನೆಸಾಲ ಕೊಡಬೇಕಾದರೆ ಮನೆಗೆ ವಿಮೆಯಾಗಿರಲೇಬೇಕು; ವಿಮೆಯಿಲ್ಲದೆ ಸಾಲವಿಲ್ಲ, ಸಾಲವಿಲ್ಲದೆ ಮನೆಯಿಲ್ಲ. ಹೊಸ ವಿಮಾ ಕಂಪೆನಿಯೊಂದಕ್ಕೆ ಅರ್ಜಿ ಹಾಕಿದನು. ಆಗುವುದಿಲ್ಲವೆಂದು ಉತ್ತರ ಬಂತು. ಕಾರಣ: "ದಾಖಲೆಯಲ್ಲಿ ನೀರಿನ ನಷ್ಟದ ಎರಡು ಕ್ಲೇಮುಗಳು ಕಾಣುತ್ತವೆ." ಒಂದು, ಅವನು ಅಂದು ಫೋನಿನಲ್ಲಿ ಕೇಳಿದ ಪ್ರಶ್ನೆ, ಅದು ಕ್ಲೇಮೆಂದು ಬರೆಯಲ್ಪಟ್ಟು, ಕೊಟ್ಟ ಹಣ ಸೊನ್ನೆಯೆಂದು ನಮೂದಾಗಿತ್ತು. ಇನ್ನೊಂದು, ಈಗ ಕೊಳ್ಳಹೊರಟಿದ್ದ ಮನೆಯ ಹಿಂದಿನ ಯಜಮಾನರು ಯಾವಾಗಲೋ ಛಾವಣಿ ಸೋರಿದ್ದಕ್ಕೆ ಪಡೆದಿದ್ದ ಪರಿಹಾರ. "ಒಂದು ನಾನು ಕೇಳಿದ ಪ್ರಶ್ನೆ, ಮತ್ತೊಂದು ನಾನು ಮುಖವನ್ನೇ ಕಾಣದವರು ಪಡೆದ ಹಣ. ಎರಡೂ ನನ್ನ ಹಣೆಗೇ ಬಂದವಲ್ಲ, ಮೇಷ್ಟ್ರೇ!" ಎಂದು ಅವನು ಹೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಈ ದಾಖಲೆ ಎಲ್ಲಿಂದ ಬಂತು? ಹಳೆಯ ಕಂಪೆನಿಯ ಪುಸ್ತಕದಲ್ಲಿದ್ದ ಮಾತು ಹೊಸ ಕಂಪೆನಿಗೆ ಹೇಗೆ ತಿಳಿಯಿತು? ನಮ್ಮ ಇಂದಿನ ವಿಷಯವಿರುವುದು ಇಲ್ಲಿಯೇ.

ಅಮೆರಿಕದ ವಿಮಾ ಕಂಪೆನಿಗಳಲ್ಲಿ ಬಹುಪಾಲು ತಮ್ಮ ಗಿರಾಕಿಗಳು ಕೇಳಿದ ಪರಿಹಾರಗಳ ವಿವರವನ್ನು ಒಂದು ಸಾಮಾನ್ಯ ಭಂಡಾರಕ್ಕೆ ಕಳುಹಿಸುತ್ತವೆ. ಹೊಸ ಅರ್ಜಿ ಬಂದಾಗ ಅದೇ ಭಂಡಾರದಿಂದ ಅರ್ಜಿದಾರನ ಪೂರ್ವೋತ್ತರವನ್ನು ತರಿಸಿ ನೋಡುತ್ತವೆ. ಇಂಥವುಗಳಲ್ಲಿ ಬಹಳ ಹೆಸರಾದದ್ದು 'ಕಾಂಪ್ರಿಹೆನ್ಸಿವ್ ಲಾಸ್ ಅಂಡರ್‌ರೈಟಿಂಗ್ ಎಕ್ಸ್‌ಚೇಂಜ್'. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಕ್ಲೂ' ಎಂದಾಗುತ್ತದೆ. ಕ್ಲೂ ಎಂದರೆ ಸುಳಿವು. ಹೆಸರಿಟ್ಟವರು ಜಾಣರು! ವೆರಿಸ್ಕ್ ಎಂಬ ಸಂಸ್ಥೆಯ 'ಎ-ಪ್ಲಸ್' ಎಂಬುದು ಇದೇ ಬಗೆಯ ಇನ್ನೊಂದು ಭಂಡಾರ. 'ಕ್ಲೂ' ವರದಿಯಲ್ಲಿ ಏಳು ವರ್ಷಗಳವರೆಗಿನ ಮನೆಯ ಮತ್ತು ಮೋಟಾರಿನ ಕ್ಲೇಮುಗಳಿರುತ್ತವೆ. ವಿಮೆದಾರನ ಹೆಸರು, ಹುಟ್ಟಿದ ತಾರೀಖು, ಪಾಲಿಸಿಯ ಸಂಖ್ಯೆ, ನಷ್ಟವಾದ ದಿನ, ನಷ್ಟದ ಬಗೆ (ಬೆಂಕಿಯೋ, ನೀರೋ, ಕಳವೋ), ಕಂಪೆನಿ ಕೊಟ್ಟ ಹಣ, ಮನೆಯ ವಿಳಾಸ, ಇವಿಷ್ಟೂ ಅದರಲ್ಲಿ ಬರುತ್ತವೆ. ಕಡತ ವ್ಯಕ್ತಿಯ ಹೆಸರಿಗೂ ಉಂಟು, ಮನೆಯ ವಿಳಾಸಕ್ಕೂ ಉಂಟು. ಆದುದರಿಂದಲೇ ಹಿಂದಿನ ಯಜಮಾನರ ಸೋರುವ ಛಾವಣಿ ನನ್ನ ಶಿಷ್ಯನ ಬೆನ್ನು ಹತ್ತಿದ್ದು.

ಇದು ಗಣಕಯಂತ್ರ ಬಂದ ಮೇಲೆ ಹುಟ್ಟಿದ ಕಾಟವೆಂದು ನೀವು ಭಾವಿಸಬಹುದು. ಇದರ ವಂಶಾವಳಿ ಅದಕ್ಕಿಂತ ಹಳೆಯದು. ೧೮೯೯ರಲ್ಲಿ ಅಟ್ಲಾಂಟ ನಗರದಲ್ಲಿ 'ರೀಟೇಲ್ ಕ್ರೆಡಿಟ್ ಕಂಪೆನಿ' ಎಂಬುದೊಂದು ಸ್ಥಾಪಿತವಾಯಿತು. ಯಾವ ಗಿರಾಕಿ ಸಾಲ ತೀರಿಸುವವನು, ಯಾವನು ತೀರಿಸದವನು ಎಂದು ಅಂಗಡಿಕಾರರಿಗೆ ತಿಳಿಸುವುದು ಅದರ ಮೊದಲ ಕೆಲಸ. ಬೇಗನೆ ಅದು ವಿಮಾ ಕಂಪೆನಿಗಳಿಗೂ ಸುದ್ದಿ ಒದಗಿಸತೊಡಗಿತು. ಅದರ ವಿಚಾರಕರು ಅರ್ಜಿದಾರನ ನೆರೆಹೊರೆಯವರ ಬಾಗಿಲಿಗೆ ಹೋಗಿ, ಆತನು ಕುಡಿಯುವನೇ, ಸಂಸಾರ ಹೇಗೆ, ನಡತೆ ಹೇಗೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಬೇಲಿಯ ಜಗಳಕ್ಕೆ ಬಿದ್ದ ನೆರೆಯವನು ಏನು ಹೇಳಿಯಾನೆಂಬುದನ್ನು ನೀವೇ ಊಹಿಸಿಕೊಳ್ಳಿ! ಬರೆದದ್ದು ಏನೆಂಬುದು ಆ ಅರ್ಜಿದಾರನೊಬ್ಬನಿಗೆ ಮಾತ್ರ ತಿಳಿಯುತ್ತಿರಲಿಲ್ಲ. ಈ ಪದ್ಧತಿಯ ವಿಷಯವಾಗಿ ಅಮೆರಿಕದ ಕಾಂಗ್ರೆಸ್ಸಿನಲ್ಲಿ ವಿಚಾರಣೆಗಳು ನಡೆದು, ೧೯೭೦ರಲ್ಲಿ ಒಂದು ಕಾಯಿದೆಯಾಯಿತು. ಅದರ ಹೆಸರು 'ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್'. ವ್ಯಕ್ತಿಗಳ ಮೇಲಿನ ವರದಿಗಳು ನ್ಯಾಯವಾಗಿರಬೇಕೆಂಬ ಕಾಯಿದೆ ಎನ್ನೋಣ. ಆ ಕಂಪೆನಿ ೧೯೭೫ರಲ್ಲಿ ಈಕ್ವಿಫಾಕ್ಸ್ ಎಂದು ಹೆಸರು ಬದಲಿಸಿಕೊಂಡಿತು. ೧೯೯೭ರಲ್ಲಿ ಅದರ ವಿಮಾ ಶಾಖೆ ಬೇರೆಯಾಗಿ ಚಾಯ್ಸ್‌ಪಾಯಿಂಟ್ ಎನಿಸಿತು. ೨೦೦೮ರಲ್ಲಿ ರೀಡ್ ಎಲ್ಸೆವಿಯರ್ ಅದನ್ನು ಕೊಂಡಿತು. ಅದರ ಲೆಕ್ಸಿಸ್‌ನೆಕ್ಸಿಸ್ ಎಂಬ ಶಾಖೆಯೇ 'ಕ್ಲೂ' ಭಂಡಾರವನ್ನು ನಡೆಸುತ್ತದೆ. ಹೆಸರು ಬದಲಾಯಿತು, ಕೈ ಬದಲಾಯಿತು, ಕಾಗದದ ಬದಲು ಯಂತ್ರ ಬಂತು. ಕಡತ ಮಾತ್ರ ಉಳಿದುಬಂತು.

ಇಲ್ಲಿ ವಿಮಾ ಕಂಪೆನಿಗಳ ವಾದವನ್ನೂ ಕೇಳಬೇಕು. ಒಬ್ಬರ ಮಾತನ್ನೇ ಕೇಳಿ ತೀರ್ಪು ಹೇಳುವುದು ಧರ್ಮವಲ್ಲ. ವಿಮೆಯೆಂದರೇನು? ನೂರು ಮನೆಯವರು ತಲೆಗಿಷ್ಟು ಎಂದು ಹಣ ಕೂಡಿಹಾಕಿ, ಯಾವ ಒಂದು ಮನೆಗೆ ಬೆಂಕಿ ಬಿದ್ದರೂ ಆ ಗಂಟಿನಿಂದ ಕಟ್ಟಿಕೊಡುವುದು, ಇಷ್ಟೆ. ಆ ನೂರರಲ್ಲಿ ಒಬ್ಬನು ಒಂದು ಕಂಪೆನಿಯಲ್ಲಿ ಬೆಂಕಿಯ ಪರಿಹಾರ ಪಡೆದು, ಮರುವರ್ಷ ಬೇರೆ ಕಂಪೆನಿಗೆ ಹೋಗಿ ಅಲ್ಲಿಯೂ ಬೆಂಕಿಯೆಂದು ಹೇಳಿ, ಮೂರನೆಯ ವರ್ಷ ಮೂರನೆಯ ಕಡೆಗೆ ಹೋದರೆ, ಉಳಿದ ತೊಂಬತ್ತೊಂಬತ್ತು ಜನರ ಹಣ ಅವನ ಒಲೆಗೆ ಸೌದೆಯಾಗುತ್ತದೆ. ಕಂಪೆನಿಗಳು ಒಂದಕ್ಕೊಂದು ತಿಳಿಸದಿದ್ದರೆ ಇಂಥವನನ್ನು ಹಿಡಿಯುವ ಬಗೆಯಿಲ್ಲ. ಅಲ್ಲದೆ, ಹಿಂದೆ ನಷ್ಟವಾದ ಕಡೆ ಮತ್ತೆ ನಷ್ಟವಾಗುವ ಸಂಭವ ಹೆಚ್ಚೆಂದು ತಮ್ಮ ಲೆಕ್ಕ ಹೇಳುತ್ತದೆಂದು ಅವು ವಾದಿಸುತ್ತವೆ. ಒಮ್ಮೆ ಸೋರಿದ ಮಾಡು ಇನ್ನೊಮ್ಮೆ ಸೋರುವುದನ್ನು ನಾವೂ ಕಂಡವರೇ. ಆದ್ದರಿಂದ ಕಡತವಿರುವುದೇ ತಪ್ಪೆಂದು ನಾನು ಹೇಳಲಾರೆ. ಕಡತದಲ್ಲಿ ಏನು ಬರೆಯುತ್ತಾರೆ, ಅದರಿಂದ ಏನನ್ನು ತೀರ್ಮಾನಿಸುತ್ತಾರೆ, ಯಾರ ಹೆಸರಿನಲ್ಲಿದೆಯೋ ಅವನಿಗೆ ಅದು ಕಾಣುತ್ತದೆಯೇ ಇಲ್ಲವೇ, ಪ್ರಶ್ನೆಯಿರುವುದು ಇವುಗಳಲ್ಲಿ.

ಮೊದಲನೆಯ ದೋಷ, ಪ್ರಶ್ನೆಯನ್ನು ಕ್ಲೇಮೆಂದು ಬರೆಯುವುದು. ಬರಿಯ ವಿಚಾರಣೆ ಬೇರೆ, ಪರಿಹಾರದ ಬೇಡಿಕೆ ಬೇರೆ ಎಂಬುದನ್ನು ಯಾರೂ ಬಾಯಲ್ಲಿ ಅಲ್ಲಗಳೆಯುವುದಿಲ್ಲ. ಆದರೆ ಫೋನು ಎತ್ತಿಕೊಂಡವರು ನಷ್ಟದ ದಿನ ಕೇಳಿ, ಒಂದು ಸಂಖ್ಯೆ ಕೊಟ್ಟು, ಕಡತ ತೆರೆದರೆಂದರೆ, ಆಮೇಲೆ 'ಹಣ ಕೊಟ್ಟಿಲ್ಲ' ಎಂದು ಮುಚ್ಚಿದರೂ ಅದು ಒಂದು ಕ್ಲೇಮಾಗಿ ಭಂಡಾರ ಸೇರಿಬಿಡಬಹುದು. ಟೆಕ್ಸಾಸ್ ಸಂಸ್ಥಾನದಲ್ಲಿ, ಗಿರಾಕಿ ತನ್ನ ಪಾಲಿಸಿಯ ವಿಷಯ ವಿಚಾರಿಸಿದ್ದನ್ನೇ ನೆಪಮಾಡಿ ವಿಮೆ ನಿರಾಕರಿಸಬಾರದು, ಪ್ರೀಮಿಯಂ ಏರಿಸಬಾರದು ಎಂದು ಕಟ್ಟುಮಾಡಿದ್ದಾರೆ. ಎಲ್ಲ ಸಂಸ್ಥಾನಗಳ ಶಾಸನವೂ ಒಂದೇ ಸಮನಾಗಿಲ್ಲ. ಇದಕ್ಕೆ ಕಾರಣ ೧೯೪೫ರ ಮೆಕ್ಯಾರನ್-ಫರ್ಗುಸನ್ ಕಾಯಿದೆ. ವಿಮೆಯ ಹತೋಟಿಯನ್ನು ಅದು ಬಹುಮಟ್ಟಿಗೆ ಆಯಾ ಸಂಸ್ಥಾನಗಳಿಗೇ ಬಿಟ್ಟಿದೆ. ನದಿಯ ಈ ದಡದಲ್ಲಿ ಕೇಳಿದರೆ ಪ್ರಶ್ನೆ, ಆ ದಡದಲ್ಲಿ ಕೇಳಿದರೆ ಅಪರಾಧ ಎಂಬಂತಾಗಿದೆ.

ಎರಡನೆಯದು, ಇದರಿಂದ ಜನರ ಮನಸ್ಸಿನಲ್ಲಿ ಹುಟ್ಟುವ ಭಯ. ಪರಿಹಾರಕ್ಕೆಂದೇ ವರ್ಷವರ್ಷವೂ ಪ್ರೀಮಿಯಂ ಕಟ್ಟುತ್ತೇವೆ. ಆ ಪರಿಹಾರ ಕೇಳಿದರೆ ನಾಳೆ ವಿಮೆಯೇ ಸಿಕ್ಕದಿರಬಹುದು, ಸಿಕ್ಕರೂ ದುಬಾರಿಯಾಗಬಹುದು ಎಂದಾದರೆ, ಜನ ಸಣ್ಣ ನಷ್ಟಗಳನ್ನು ಮುಚ್ಚಿಟ್ಟುಕೊಂಡು ತಾವೇ ನುಂಗಿಕೊಳ್ಳುತ್ತಾರೆ. ಸಣ್ಣಪುಟ್ಟದ್ದಕ್ಕೆ ಕ್ಲೇಮು ಹಾಕಬೇಡಿರೆಂದು ತಿಳಿದವರೇ ಅಲ್ಲಿ ಬುದ್ಧಿ ಹೇಳುವುದುಂಟು. ಕೊಡೆ ಕೊಂಡವನು ಮಳೆಯಲ್ಲಿ ಅದನ್ನು ಬಿಚ್ಚಲು ಹೆದರಿದ ಹಾಗಾಯಿತು.

ಮೂರನೆಯದು, ಬರಹದ ತಪ್ಪುಗಳು. ಒಂದೇ ಹೆಸರಿನ ಇಬ್ಬರ ಲೆಕ್ಕ ಕಲೆತುಹೋಗಬಹುದು. ನೂರು ಡಾಲರು ಸಾವಿರವಾಗಬಹುದು. ಗಾಳಿಯಿಂದಾದ ನಷ್ಟ ನೀರಿನ ನಷ್ಟವೆಂದು ಗುರುತಾಗಬಹುದು. ಮೂವತ್ತು ವರ್ಷ ಅಂಕಪಟ್ಟಿ ಬರೆದ ನನಗೆ ಇದು ಗೊತ್ತು. ಒಂದು ಸಾಲು ಕೆಳಗೆ ಜಾರಿದರೆ ರಾಮನ ಅಂಕ ಲಕ್ಷ್ಮಣನಿಗೆ ಹೋಗುತ್ತದೆ. ಅಂಕಪಟ್ಟಿಯಾದರೆ ಹುಡುಗನ ಕೈಗೇ ಬರುತ್ತದೆ, ಅವನು ಅಳುತ್ತ ಬಂದು ತೋರಿಸುತ್ತಾನೆ, ತಿದ್ದುತ್ತೇವೆ. ಕಾಣದ ಪಟ್ಟಿಯಲ್ಲಿ ಜಾರಿದ ಸಾಲನ್ನು ತೋರಿಸುವವರು ಯಾರು?

ನಾಲ್ಕನೆಯದು, ಕಾವಲಿನ ಪ್ರಶ್ನೆ. ಇಷ್ಟೊಂದು ಜನರ ವಿವರ ಒಂದೇ ಕೋಣೆಯಲ್ಲಿದ್ದರೆ ಕಳ್ಳನ ಕಣ್ಣೂ ಅಲ್ಲಿಯೇ ಇರುತ್ತದೆ. ಆಗ 'ಕ್ಲೂ' ಭಂಡಾರವನ್ನು ನಡೆಸುತ್ತಿದ್ದ ಚಾಯ್ಸ್‌ಪಾಯಿಂಟ್ ಸಂಸ್ಥೆಗೆ ಹೀಗೊಂದು ಆಯಿತೆಂದು ೨೦೦೫ರಲ್ಲಿ ಬೆಳಕಿಗೆ ಬಂತು. ವಂಚಕರು ಗೋಡೆ ಕೊರೆದು ಬರಲಿಲ್ಲ. ವ್ಯಾಪಾರಸ್ಥರ ವೇಷದಲ್ಲಿ ಮುಂಬಾಗಿಲಿನಿಂದಲೇ ಗಿರಾಕಿಗಳಾಗಿ ಬಂದು, ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಜನರ ಸ್ವಂತ ವಿವರಗಳನ್ನು ಪಡೆದುಕೊಂಡರು. ಅವು 'ಕ್ಲೂ' ವರದಿಗಳೇ ಎಂದಲ್ಲ. ಅದೇ ಸಂಸ್ಥೆಯ ವಶದಲ್ಲಿದ್ದ ವಿವರಗಳು. ೨೦೦೬ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ನಿನವರೊಡನೆ ಆದ ರಾಜಿಯಂತೆ ಸಂಸ್ಥೆ ೧ ಕೋಟಿ ಡಾಲರು ದಂಡವನ್ನೂ, ನೊಂದವರ ಪರಿಹಾರಕ್ಕೆಂದು ೫೦ ಲಕ್ಷ ಡಾಲರನ್ನೂ ತೆರಬೇಕಾಯಿತು.

ಇಷ್ಟೆಲ್ಲ ಆದರೂ ಅಲ್ಲಿಯ ಪ್ರಜೆ ಕೈಕಟ್ಟಿ ಕೂರಬೇಕಾಗಿಲ್ಲ. ೧೯೭೦ರ ಕಾಯಿದೆಯೂ ೨೦೦೩ರಲ್ಲಾದ ಅದರ ತಿದ್ದುಪಡಿಯೂ ಅವನ ಕೈಗೆ ಕೆಲವು ಆಯುಧಗಳನ್ನು ಕೊಟ್ಟಿವೆ. ಇಂಥ ವರದಿಯ ಕಾರಣದಿಂದ ವಿಮೆ ನಿರಾಕರಿಸಿದರೆ ಅಥವಾ ಪ್ರೀಮಿಯಂ ಏರಿಸಿದರೆ, ಆ ವರದಿ ಯಾವ ಸಂಸ್ಥೆಯಿಂದ ಬಂತೆಂಬುದನ್ನು ಕಂಪೆನಿ ತಿಳಿಸಲೇಬೇಕು. ತಿಳಿಸಿದ ಅರುವತ್ತು ದಿನಗಳೊಳಗೆ ಕೇಳಿದರೆ ವರದಿಯ ಪ್ರತಿ ಪುಕ್ಕಟೆ. ನಿರಾಕರಣೆ ಆಗದಿದ್ದರೂ ಹನ್ನೆರಡು ತಿಂಗಳಿಗೊಮ್ಮೆ ತನ್ನ ವರದಿಯನ್ನು ಪುಕ್ಕಟೆಯಾಗಿ ತರಿಸಿಕೊಳ್ಳಬಹುದು. ತಪ್ಪು ಕಂಡರೆ ಆಕ್ಷೇಪಣೆ ಬರೆಯಬೇಕು. ಸಂಸ್ಥೆ ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ವಿಚಾರಿಸಿ, ರುಜುವಾತಾಗದ ನಮೂದನ್ನು ತಿದ್ದಬೇಕು ಇಲ್ಲವೆ ತೆಗೆಯಬೇಕು. ಆಮೇಲೂ ವಿವಾದ ತೀರದಿದ್ದರೆ ತನ್ನ ಪಕ್ಷವನ್ನು ಚಿಕ್ಕದಾಗಿ ಬರೆದು ಕಡತಕ್ಕೆ ಸೇರಿಸಬಹುದು.

ಒಂದು ಕೊರತೆ ಉಳಿದೇ ಇದೆ. ಬರೆದದ್ದು ಸುಳ್ಳಾದರೆ ತಿದ್ದಿಸಲು ದಾರಿಯುಂಟು; ಬರೆದದ್ದು ನಿಜವಾಗಿದ್ದು ಅದಕ್ಕೆ ಕೊಟ್ಟ ಬೆಲೆ ಅತಿಯಾಯಿತೆಂದರೆ ಈ ಕಾಯಿದೆ ಹೆಚ್ಚು ನೆರವಾಗದು. ಸೋರಿದ ಛಾವಣಿಯನ್ನು ಪೂರ್ತಿ ಹೊಸದಾಗಿ ಹೊದಿಸಿದ್ದರೂ ಸೋರಿದ ಸುದ್ದಿ ಕಡತದಲ್ಲಿ ಕೂತೇ ಇರುತ್ತದೆ. ಹಿಂದೆ ನಮ್ಮ ಶಾನುಭೋಗರು ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಅಳಿಸುವ ಕೈ ಕೆಟ್ಟದ್ದಾದರೆ ಅದೇ ಒಂದು ಅನ್ಯಾಯವೆಂಬುದೂ ನಿಜ. ಈ ಹೊಸ ಕಡತದ ಕಷ್ಟ ಬೇರೆ ಬಗೆಯದು: ಏಳು ವರ್ಷ ಅದು ಮರೆಯುವುದಿಲ್ಲ.

ನನ್ನ ಶಿಷ್ಯನ ಕಥೆಗೆ ಬರೋಣ. ಅವನು ವರದಿ ತರಿಸಿ, ತನ್ನ ಹೆಸರಿನ ನಮೂದಿನ ಮೇಲೆ ಆಕ್ಷೇಪಣೆ ಬರೆದನು. ಹಳೆಯ ಕಂಪೆನಿ ಮೂರು ವಾರ ಕಳೆದ ಮೇಲೆ, ಅದು ಬರಿಯ ವಿಚಾರಣೆಯೆಂದು ಒಪ್ಪಿತು, ನಮೂದು ಹೋಯಿತು. ಮನೆಯ ಹೆಸರಿನ ನಮೂದು ನಿಜವಾದುದರಿಂದ ಉಳಿಯಿತು. ಮಾರುವವರು ಒಳ್ಳೆಯವರು; ಛಾವಣಿ ಹೊದಿಸಿದ ಬಿಲ್ಲುಗಳನ್ನು ಹುಡುಕಿ ಕೊಟ್ಟರು. ಅವುಗಳನ್ನು ನೋಡಿ ಮತ್ತೊಂದು ಕಂಪೆನಿ, ಸ್ವಲ್ಪ ಹೆಚ್ಚಿನ ಪ್ರೀಮಿಯಂಗೆ ವಿಮೆ ಕೊಟ್ಟಿತು. ಅಷ್ಟರಲ್ಲಿ ಕ್ರಯದ ದಿನ ಎರಡು ಸಲ ಮುಂದೆ ಹೋಗಿ, ಹಳೆಯ ಮನೆ ಬಿಟ್ಟು ಹೊಸದು ಸಿಕ್ಕದೆ, ಹೆಂಡತಿ ಮಕ್ಕಳೊಡನೆ ಅವನು ಸ್ನೇಹಿತರ ಮನೆಯ ನೆಲಮಾಳಿಗೆಯಲ್ಲಿ ಒಂದು ತಿಂಗಳು ಕಳೆದನು.

ನಿಮ್ಮಲ್ಲಿ ಅನೇಕರ ಮಕ್ಕಳು ಆ ದೇಶದಲ್ಲಿದ್ದಾರು. ಅವರಿಗೆ ಕಾಗದ ಬರೆಯುವಾಗಲೋ ಫೋನು ಮಾಡುವಾಗಲೋ ಮೂರು ಮಾತು ಸೇರಿಸಿ. ಮನೆ ಕೊಳ್ಳುವ ಮುಂಚೆ, ಮುಂಗಡ ಕೊಡುವ ಮುಂಚೆಯೇ, ಆ ಮನೆಯ ಕ್ಲೇಮುಗಳ ವರದಿಯನ್ನು ಮಾರುವವರಿಂದ ಕೇಳಬೇಕು. ಕೊಳ್ಳುವವನು ತಾನೇ ಅದನ್ನು ತರಿಸುವಂತಿಲ್ಲ, ಮನೆಯ ಒಡೆಯನೇ ತರಿಸಬೇಕು. ವರ್ಷಕ್ಕೊಮ್ಮೆ ತಮ್ಮ ವರದಿಯನ್ನು ತರಿಸಿ ಓದಬೇಕು. ಕಂಪೆನಿಯನ್ನು ಏನಾದರೂ ಕೇಳುವಾಗ "ಇದು ಬರಿಯ ವಿಚಾರಣೆ, ಕ್ಲೇಮಲ್ಲ" ಎಂದು ಮೊದಲೇ ಹೇಳಬೇಕು. ಬರಹದಲ್ಲಿ ಹೇಳಿದರೆ ಇನ್ನೂ ಮೇಲು.

ನಮ್ಮ ದೇಶದಲ್ಲಿ ಮನೆಗೆ ವಿಮೆ ಮಾಡಿಸುವವರು ಇನ್ನೂ ಕಡಿಮೆ. ವಾಹನದ ವಿಮೆ ಮಾತ್ರ ಬಹಳ ಮಂದಿಗೆ ಪರಿಚಿತ. ಒಂದು ವರ್ಷ ಕ್ಲೇಮು ಮಾಡದಿದ್ದರೆ ವಾಹನದ ಸ್ವಂತ ನಷ್ಟದ ಪ್ರೀಮಿಯಂನಲ್ಲಿ ನೂರಕ್ಕೆ ೨೦, ಐದು ವರ್ಷ ಮಾಡದಿದ್ದರೆ ನೂರಕ್ಕೆ ೫೦ ರಿಯಾಯಿತಿ ಎಂಬುದು ನಿಮಗೆ ತಿಳಿದಿದೆ. ಕಂಪೆನಿ ಬದಲಿಸಿದರೂ ಈ ರಿಯಾಯಿತಿ ನಿಮ್ಮೊಡನೆ ಬರುತ್ತದೆ. ಹಾಗೆಯೇ ಹಿಂದಿನ ಲೆಕ್ಕವೂ ಬರುತ್ತದೆ. ೨೦೦೯ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದವರು ಭಾರತೀಯ ವಿಮಾ ಮಾಹಿತಿ ಕೇಂದ್ರವೊಂದನ್ನು ಸ್ಥಾಪಿಸಿ, ಕಂಪೆನಿಗಳಿಂದ ಪಾಲಿಸಿ ಮತ್ತು ಕ್ಲೇಮುಗಳ ವಿವರವನ್ನು ಕೂಡಿಹಾಕುವ ವ್ಯವಸ್ಥೆ ಮಾಡಿದರು. ಮೋಸವನ್ನು ತಡೆಯಲು ಇದು ಬೇಕಾದದ್ದೇ. ಸ್ವಂತ ವಿವರಗಳ ರಕ್ಷಣೆಗಾಗಿ ೨೦೨೩ರಲ್ಲಿ ನಮ್ಮ ಪಾರ್ಲಿಮೆಂಟು ಅಂಗೀಕರಿಸಿದ ಕಾಯಿದೆಯಲ್ಲಿ, ತನ್ನ ವಿಷಯವಾಗಿ ಇಟ್ಟುಕೊಂಡಿರುವ ವಿವರವನ್ನು ಕೇಳುವ ಹಕ್ಕೂ ತಪ್ಪಿದ್ದರೆ ತಿದ್ದಿಸುವ ಹಕ್ಕೂ ಪ್ರಜೆಗೆ ದೊರೆತಿವೆ. ಅದರ ನಿಯಮಗಳು ೨೦೨೫ರಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರಬೇಕೆಂದು ಗೊತ್ತಾಗಿದೆ. ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಕೇಳಿ ಪಡೆಯುವ ಅಭ್ಯಾಸ ನಮಗೆ ಬರಬೇಕು.

ನಮ್ಮ ಪುರಾಣಗಳಲ್ಲಿ ಚಿತ್ರಗುಪ್ತನಿದ್ದಾನೆ. ಅವನ ಕಣ್ಣು ತಪ್ಪಿಸಿದವರಿಲ್ಲ. ಆದರೆ ಅವನು ಕೂಡ ಲೆಕ್ಕವನ್ನು ಯಮಧರ್ಮನ ಸಭೆಯಲ್ಲಿ, ಆ ಜೀವಿಯ ಎದುರಿಗೇ ಓದುತ್ತಾನೆ. ಮನುಷ್ಯರು ಮನುಷ್ಯರ ಮೇಲೆ ಬರೆಯುವ ಲೆಕ್ಕಕ್ಕೆ ಅಷ್ಟಾದರೂ ಮರ್ಯಾದೆ ಬೇಡವೆ?

ಕಥೆಯೆಲ್ಲ ಮುಗಿದ ಮೇಲೆ ನನ್ನ ಶಿಷ್ಯ ಹೇಳಿದನು: "ಮೇಷ್ಟ್ರೇ, ತಿಳಿಯದಿದ್ದರೆ ಕೈಯೆತ್ತಿ ಕೇಳು ಎಂದು ನೀವೇ ಕಲಿಸಿದಿರಿ. ಇಲ್ಲಿ ಕೇಳಿದ್ದಕ್ಕೇ ಗುರುತು ಹಾಕಿದರು." ನಾನು ಅವನಿಗೆ ಹೇಳಿದ್ದು ಇಷ್ಟೆ: "ಗುರುತು ಹಾಕಿದರೆಂದು ಕೇಳುವುದನ್ನು ಬಿಡಬೇಡಪ್ಪ. ಏನೆಂದು ಬರೆದುಕೊಂಡಿರಿ ಎಂದು ಇನ್ನೊಂದು ಪ್ರಶ್ನೆ ಕೇಳು."